ಕೋಳಿಗೆ ಎಷ್ಟು ಜಾಗ ಬೇಕು? ಅರ್ಧ ಚದರಡಿಯ ಚರಿತ್ರೆ

ಪುಣೆಯ ಹೊರವಲಯದಲ್ಲಿ ನಾವಿರುವ ಬಾಡಿಗೆ ಮನೆಯ ಹಿಂದೆ 10 ಅಡಿ ಅಗಲ, 12 ಅಡಿ ಉದ್ದದ ಒಂದು ತುಂಡು ನೆಲವಿದೆ. ಅಲ್ಲಿ ಬೇಕಾದರೆ ಸ್ಕೂಟರ್ ನಿಲ್ಲಿಸಿಕೊಳ್ಳಿ ಎಂದು ಮನೆ ಮಾಲೀಕರು ಹೇಳಿದ್ದರು. ಆಗ ಆರನೇ ತರಗತಿಯಲ್ಲಿದ್ದ ಮಗಳು ಕೋಳಿ ಸಾಕೋಣ ಎಂದಳು. ಸಹೋದ್ಯೋಗಿಯೊಬ್ಬರು ಮುಳಶಿ ಕಡೆಯ ತಮ್ಮ ಊರಿನಿಂದ ನಾಲ್ಕು ಎಳೆ ಹೇಂಟೆಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದುಕೊಟ್ಟರು. ನಾವು ನಾಟಿ ಕೋಳಿ ಎನ್ನುವುದಕ್ಕೆ ಇಲ್ಲಿ ಗಾವರಾನ್ ಎನ್ನುತ್ತಾರೆ.

ನನ್ನ ಕೆಲಸ ಪ್ರಾಜೆಕ್ಟ್ ಮ್ಯಾನೇಜರಿಕೆ. ಏನೇ ಶುರು ಮಾಡುವುದಿದ್ದರೂ ಮೊದಲು ಎಕ್ಸೆಲ್ ಶೀಟ್ ತೆರೆಯುವ ಚಾಳಿ. ಫಾರಂಗಳಲ್ಲಿ ಮೊಟ್ಟೆ ಕೋಳಿಯೊಂದಕ್ಕೆ ಹೆಚ್ಚುಕಮ್ಮಿ ಅರ್ಧ ಚದರಡಿ ಜಾಗ ಕೊಡುತ್ತಾರೆಂದು ಓದಿದ್ದೆ. ನಾನು ಬಡಗಿಯನ್ನು ಕರೆಸಿ 4 ಅಡಿ ಉದ್ದ, 3 ಅಡಿ ಅಗಲದ ಗೂಡು ಮಾಡಿಸಿದೆ. ಒಂದೊಂದಕ್ಕೆ 3 ಚದರಡಿ, ಅಂದರೆ ಫಾರಂ ಕೋಳಿಯ ಆರು ಪಟ್ಟು. ಬೀದಿನಾಯಿ, ಬೆಕ್ಕುಗಳ ಕಾಟವಿದ್ದದ್ದರಿಂದ ಹಗಲೂ ರಾತ್ರಿ ಅವು ಗೂಡಿನಲ್ಲೇ ಇರಲಿ ಎಂದುಕೊಂಡೆ.

ಆ ದಸರಾ ಹೊತ್ತಿಗೆ ನಾಗಮಂಗಲದ ಕಡೆಯ ನಮ್ಮೂರಿನಿಂದ ಅವ್ವ ಬಂದಿದ್ದಳು. ಗೂಡಿನ ಸುತ್ತ ಒಂದು ಸುತ್ತು ಬಂದು, ಬಾಗಿಲು ತೆಗೆದು ಹಾಕಿ ನೋಡಿ, “ಚೆನ್ನಾಗೈತೆ. ಇದು ರಾತ್ರಿಗಾಯ್ತು ಕಣಪ್ಪ. ಹಗಲಿಗೆಲ್ಲೈತೆ ಜಾಗ?” ಎಂದಳು. ನಾನು ನಕ್ಕು ಫಾರಂ ಲೆಕ್ಕ ಒಪ್ಪಿಸಿದೆ. ಓದಿದ ಮಗನ ಜೊತೆ ಯಾಕೆ ವಾದ ಎಂದು ಅವಳು ಸುಮ್ಮನಾದಳು.

ಅವಳು ಊರಿಗೆ ಹೋದ ಮೇಲೆ ನಮ್ಮ ಆಫೀಸಿನಲ್ಲಿ ಒಂದು ದೊಡ್ಡ ರಿಲೀಸ್ ಬಂತು. ನಾಲ್ಕು ದಿನ ನಾನು ಗೂಡಿನ ತಟ್ಟೆಗೆ ಕಾಳು ಸುರಿದು ನೀರು ಇಟ್ಟದ್ದಷ್ಟೇ, ಒಳಗೆ ಇಣುಕಿ ನೋಡಲಿಲ್ಲ. ಐದನೇ ದಿನ ಬೆಳಿಗ್ಗೆ ಮಗಳು ಕೂಗಿಕೊಂಡಳು. ನಾಲ್ಕರಲ್ಲಿ ಚಿಕ್ಕದು, ಅವಳು ಬೆಳ್ಳಿ ಎಂದು ಕರೆಯುತ್ತಿದ್ದದ್ದು, ಮೂಲೆಯಲ್ಲಿ ಸತ್ತು ಬಿದ್ದಿತ್ತು. ಬಾಲದ ಬುಡದ ಪುಕ್ಕವೆಲ್ಲ ಕಿತ್ತುಹೋಗಿ ಆಳವಾದ ಗಾಯವಾಗಿತ್ತು. ಬೆಕ್ಕು ನುಗ್ಗಿರಲಿಲ್ಲ, ಹಾವು ಬಂದಿರಲಿಲ್ಲ. ಉಳಿದ ಮೂರು ಸೇರಿ ಕುಕ್ಕಿ ಕೊಂದಿದ್ದವು. “ಜಾಗ ಸಾಕು ಅಂದಿದ್ದೆ ನೀನು” ಎಂದಷ್ಟೇ ಮಗಳು ಹೇಳಿದಳು. ಆಮೇಲೆ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ.

ಕೋಳಿಗೆ ಎಷ್ಟು ಜಾಗ ಬೇಕು ಎಂದು ನಾನು ನಿಜವಾಗಿ ಓದಲು ಕೂತದ್ದು ಅದಾದ ಮೇಲೆ. ಓದುತ್ತ ಹೋದಾಗ ಗೊತ್ತಾಯಿತು, ನಾನು ನಂಬಿದ್ದ ಆ ಅರ್ಧ ಚದರಡಿಗೆ 2,000 ವರ್ಷಗಳ ಚರಿತ್ರೆಯಿದೆ. ಅವ್ವನ ಪ್ರಶ್ನೆಯನ್ನು ಜಗತ್ತು ಯಾವಾಗ ಕೇಳುವುದು ಬಿಟ್ಟಿತು ಎನ್ನುವುದೇ ಆ ಚರಿತ್ರೆ.

ರೋಮಿನ ಗೂಡು

ಕ್ರಿ.ಪೂ. 37ರಲ್ಲಿ ಮಾರ್ಕಸ್ ವಾರೋ ಎಂಬ ರೋಮನ್ ವಿದ್ವಾಂಸ ತನ್ನ 80ನೇ ವಯಸ್ಸಿನಲ್ಲಿ ಬೇಸಾಯದ ಬಗ್ಗೆ ಮೂರು ಭಾಗಗಳ ಪುಸ್ತಕ ಬರೆದ. ಅದರ ಮೂರನೇ ಭಾಗದಲ್ಲಿ ಕೋಳಿ ಸಾಕುವವರಿಗೆ ಅವನು ಕೊಡುವ ಅಳತೆ ಹೀಗಿದೆ. 200 ಕೋಳಿ ಸಾಕುವುದಿದ್ದರೆ ಮೊದಲು ಬೇಲಿ ಹಾಕಿದ ಒಂದು ಜಾಗ ಬೇಕು. ಅದರೊಳಗೆ ಪೂರ್ವಕ್ಕೆ ಮುಖ ಮಾಡಿದ ಎರಡು ಜೋಡಿ ಗೂಡು ಕಟ್ಟಬೇಕು. ಒಂದೊಂದೂ ಸುಮಾರು 10 ಅಡಿ ಉದ್ದ, ಅದರ ಅರ್ಧ ಅಗಲ. ಒಳಗೆ ಎಲ್ಲ ಕೋಳಿಗಳೂ ಕೂರುವಷ್ಟು ಅಡ್ಡಗಳು ಇರಬೇಕು.

ಲೆಕ್ಕ ಹಾಕಿ. ಎರಡು ಗೂಡು ಸೇರಿ 100 ಚದರಡಿ, ಕೋಳಿ 200. ರೋಮನ್ ಅಡಿ ನಮ್ಮ ಅಡಿಗಿಂತ ಕೂದಲೆಳೆಯಷ್ಟು ಚಿಕ್ಕದು, ಅದನ್ನು ಬಿಟ್ಟರೆ ಕೋಳಿಗೆ ಅರ್ಧ ಚದರಡಿ! ನಮ್ಮ ಕಾಲದ ಮೊಟ್ಟೆ ಫಾರಂ ಕೊಡುವಷ್ಟೇ ಜಾಗ. ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ಎಲ್ಲೋ ತಪ್ಪಿದ್ದೇನೆ ಎಂದು ಮತ್ತೆ ಮತ್ತೆ ನೋಡಿದೆ.

ಲೆಕ್ಕ ತಪ್ಪಿರಲಿಲ್ಲ, ಅದನ್ನು ನಾನು ಅರ್ಥ ಮಾಡಿಕೊಂಡದ್ದು ತಪ್ಪಿತ್ತು. ವಾರೋನ ಗೂಡು ರಾತ್ರಿಗೆ ಮಾತ್ರ. ಅಡ್ಡಗಳ ಮೇಲೆ ಒತ್ತಾಗಿ ಕೂತು ನಿದ್ದೆ ಮಾಡುವ ಕೋಳಿಗೆ ನೆಲ ಬೇಕಿಲ್ಲ, ಕಾಲಿಗೆ ಒಂದು ಕೋಲು ಸಿಕ್ಕರೆ ಸಾಕು. ಹಗಲಿಗೆ ಬೇಲಿಯೊಳಗಿನ ಅಂಗಳವಿತ್ತು. ಕ್ರಿ.ಶ. ಮೊದಲ ಶತಮಾನದ ಕೊಲುಮೆಲ್ಲಾ ಕೂಡ ಕೃಷಿಯ ಬಗೆಗಿನ ತನ್ನ ದೊಡ್ಡ ಗ್ರಂಥದಲ್ಲಿ ಒಬ್ಬ ಆಳು ನೋಡಿಕೊಳ್ಳಬಹುದಾದ ಕೋಳಿಗಳ ಮಿತಿ 200 ಎಂದೇ ಹೇಳುತ್ತಾನೆ.

ಹಾಗೆಂದು ರೋಮನ್ನರು ಸಾಧುಗಳೇನಲ್ಲ. ಮಾಂಸಕ್ಕಾಗಿ ಕೊಬ್ಬಿಸುವ ಕೋಳಿಯನ್ನು ಬೆಚ್ಚಗಿನ, ಇಕ್ಕಟ್ಟಾದ, ಕತ್ತಲೆಯ ಜಾಗದಲ್ಲಿ ಕೂಡಿಹಾಕಬೇಕು, ಏಕೆಂದರೆ ಓಡಾಟವೂ ಬೆಳಕೂ ಕೊಬ್ಬಿನ ವೈರಿಗಳು ಎಂದು ಅದೇ ವಾರೋ ಬರೆಯುತ್ತಾನೆ. ಈ ಕೊಬ್ಬಿದ ಕೋಳಿಯ ಹುಚ್ಚು ಎಷ್ಟಿತ್ತೆಂದರೆ ಕ್ರಿ.ಪೂ. 161ರಲ್ಲಿ ಫಾನಿಯಸ್ ಎಂಬ ಅಧಿಕಾರಿ ಊಟದ ದುಂದಿಗೆ ಕಡಿವಾಣ ಹಾಕಲು ತಂದ ಕಾನೂನು, ಒಂದು ಊಟಕ್ಕೆ ಒಂದೇ ಕೋಳಿ, ಅದೂ ಕೊಬ್ಬಿಸದ್ದು ಎಂದು ಕಟ್ಟುಮಾಡಿತ್ತು. ಅಂದರೆ ಹಗಲನ್ನು ಕಸಿದುಕೊಂಡರೆ ಕೋಳಿಯಿಂದ ಹೆಚ್ಚು ಸಿಗುತ್ತದೆ ಎಂಬ ಜ್ಞಾನ ಆಗಲೇ ಇತ್ತು. ಆದರೆ ಅದು ಕೊಯ್ಯುವ ಮುಂಚಿನ ಕೆಲವು ವಾರಗಳ ಮಾತಾಗಿತ್ತು, ಇಡೀ ಬದುಕಿನದ್ದಲ್ಲ.

ಮರದ ರಾತ್ರಿ, ನೆಲದ ಹಗಲು

ಈ ರಾತ್ರಿ ಹಗಲುಗಳ ವಿಂಗಡಣೆ ಮನುಷ್ಯ ಮಾಡಿದ್ದಲ್ಲ. ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದು ಹಗಲೆಲ್ಲ ಬಿದಿರುಮೆಳೆ, ಪೊದೆಗಳ ನೆರಳಲ್ಲಿ ತರಗೆಲೆ ಕೆದಕುತ್ತ ಚದುರಿಕೊಂಡಿರುತ್ತದೆ. ಕತ್ತಲಾಗುವ ಮುಂಚೆ ಮರ ಹತ್ತಿ ಕೊಂಬೆಯ ಮೇಲೆ ಕೂರುತ್ತದೆ. ರಾತ್ರಿಗೆ ಒಂದು ಕೊಂಬೆ, ಹಗಲಿಗೆ ಒಂದು ಕಾಡು.

ಈ ಹಕ್ಕಿ ನಮ್ಮ ಮನೆಗೆ ಬಂದದ್ದು ಹೇಗೆ? ಮೊಹೆಂಜೊದಾರೊ ಕಾಲದಿಂದಲೇ ಕೋಳಿ ಇತ್ತೆಂದು ನಾವು ಓದಿದ್ದುಂಟು. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಜಗತ್ತಿನ ನೂರಾರು ಉತ್ಖನನ ತಾಣಗಳ ಕೋಳಿ ಮೂಳೆಗಳನ್ನು ಮತ್ತೆ ಪರಿಶೀಲಿಸಿ ಬೇರೆ ಮಾತು ಹೇಳಿತು. ಖಚಿತವಾಗಿ ಸಾಕುಕೋಳಿ ಎನ್ನಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿವೆ, ಅವುಗಳ ಕಾಲ ಕ್ರಿ.ಪೂ. 1650ರಿಂದ 1250ರ ನಡುವೆ. ಕಾಡಿನಂಚಿನಲ್ಲಿ ಮನುಷ್ಯ ಭತ್ತ, ಸಿರಿಧಾನ್ಯ ಬೆಳೆಯತೊಡಗಿದಾಗ ಉದುರಿದ ಕಾಳಿಗೆ ಕಾಡುಕೋಳಿ ತಾನಾಗಿ ಬಂತು ಎಂಬುದು ಆ ಸಂಶೋಧಕರ ವಾದ. ಹಿಡಿದು ತಂದು ಕೂಡಿಹಾಕಿದ್ದಲ್ಲ, ಕಣಕ್ಕೆ ಬಂದದ್ದು ಮನೆಯಲ್ಲೇ ಉಳಿಯಿತು.

ನಮ್ಮ ಪಾಲೂ ಇದರಲ್ಲಿದೆ. ಬಹಳಷ್ಟು ಸಾಕುಕೋಳಿಗಳ ಕಾಲು, ಚರ್ಮ ಹಳದಿ. ಕೆಂಪು ಕಾಡುಕೋಳಿಗೆ ಆ ಬಣ್ಣವಿಲ್ಲ. ಹಳದಿ ಚರ್ಮಕ್ಕೆ ಕಾರಣವಾದ ಜೀನ್ ಬಂದದ್ದು ಪಶ್ಚಿಮಘಟ್ಟವೂ ಸೇರಿದಂತೆ ದಕ್ಷಿಣ ಭಾರತದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ನೇತೃತ್ವದ ತಂಡ ತೋರಿಸಿತು. ಮಲೆನಾಡಿನ ರಸ್ತೆಯಲ್ಲಿ ಬೆಳಗಿನ ಜಾವ ಕಾರಿಗೆ ಅಡ್ಡ ಓಡಿ ಪೊದೆ ಸೇರುವ ಆ ಹುಂಜವೇ ಇದು. ಜಗತ್ತಿನ ಬಹುಪಾಲು ಫಾರಂ ಕೋಳಿಗಳ ಕಾಲಿನ ಮೇಲೆ ಅದರ ಸಹಿಯಿದೆ.

ಊರೊಳಗೆ ಮೂರು, ಊರಾಚೆ ನಾಲ್ಕು

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಅಲ್ಲಿನ ಪೇಟೆಯ ಬೆಲೆಗಳನ್ನು ಬರೆದಿಟ್ಟಿದ್ದಾನೆ. ಒಂದು ಸಣ್ಣ ನಾಣ್ಯಕ್ಕೆ ನಗರದೊಳಗೆ ಮೂರು ಕೋಳಿ, ನಗರದ ಹೊರಗೆ ನಾಲ್ಕು. ಸುಂಕ, ಸಾಗಣೆ ಎಲ್ಲ ಆ ವ್ಯತ್ಯಾಸದಲ್ಲಿ ಸೇರಿರಬಹುದು. ಪುಣೆಯ ಬಾಡಿಗೆದಾರನಾದ ನನಗೆ ಅದರಲ್ಲಿ ಹಿತ್ತಿಲಿನ ಬೆಲೆಯೂ ಕಾಣುತ್ತದೆ. ಕಾರ್ಪೆಟ್ ಏರಿಯಾ ಜಾಸ್ತಿಯಾದಷ್ಟೂ ಕೋಳಿ ತುಟ್ಟಿ!

ನಮ್ಮೂರಿನ ವ್ಯವಸ್ಥೆಯನ್ನು ಅವ್ವನಿಗೆ ಫೋನ್ ಮಾಡಿ ಕೇಳಿದೆ. ನಮ್ಮ ಹಳೇ ಮನೆಯ ಜಗಲಿಯ ಕೆಳಗೆ ಕಲ್ಲಿನಲ್ಲೇ ಕಟ್ಟಿದ ಕೋಳಿಗೂಡಿತ್ತು, ಬಾಯಿಗೆ ಒಂದು ಚಪ್ಪಡಿ. ಅಳತೆ ಕೇಳಿದರೆ ಅವ್ವ ಯೋಚಿಸಿ, “ಎರಡು ಮೊಳ ಉದ್ದ, ಅಗಲ ಒಂದು ಮೊಳದ ಮೇಲೊಂದು ಗೇಣು” ಎಂದಳು. ಕೋಳಿ ಎಷ್ಟಿರುತ್ತಿದ್ದವು? “ಹನ್ನೆರಡೋ ಹದಿಮೂರೋ, ಮರಿ ಬ್ಯಾರೆ ಮಂಕರಿಗೆ.” ಮೊಳಕ್ಕೆ ಒಂದೂವರೆ ಅಡಿ, ಗೇಣಿಗೆ ಮುಕ್ಕಾಲು ಅಡಿ ಹಿಡಿದರೆ ಒಟ್ಟು 6.75 ಚದರಡಿ. ಹದಿಮೂರು ಕೋಳಿಗೆ ಹಂಚಿದರೆ ಮತ್ತೆ ಅದೇ ಅರ್ಧ ಚದರಡಿ. ವಾರೋನನ್ನು ಓದದ ನಮ್ಮ ಮುತ್ತಾತ ಅವನ ಅಳತೆಗೇ ಗೂಡು ಕಟ್ಟಿದ್ದ.

ಬೆಳಿಗ್ಗೆ ಚಪ್ಪಡಿ ಸರಿಸಿದರೆ ಕೋಳಿಗಳಿಗೆ ಹಗಲಿನ ಜಾಗ ತಿಪ್ಪೆ, ಬೇಲಿಸಾಲು, ಕಣ, ಪಕ್ಕದ ಮನೆಯವರ ಹಿತ್ತಿಲು. ಆ ಹಗಲು ಸುಖದ್ದೇ ಎಂದು ನಾನು ಹೇಳುವುದಿಲ್ಲ. ಮರಿಗಳನ್ನು ಹದ್ದು ಎತ್ತಿಕೊಂಡು ಹೋಗುತ್ತಿತ್ತು, ಮುಂಗುಸಿ ಕಾದಿರುತ್ತಿತ್ತು. ಕೊಕ್ಕರೆ ರೋಗ ಬಂದ ವರ್ಷ ಊರಿಗೂರೇ ಕೋಳಿಯಿಲ್ಲದೆ ಬಿಕೋ ಎನ್ನುತ್ತಿತ್ತು. ಇಂಗ್ಲೆಂಡಿನಲ್ಲಿ ನ್ಯೂಕಾಸಲ್ ಎಂದೂ ನಮ್ಮಲ್ಲಿ ರಾಣಿಖೇತ್ ಎಂದೂ ಹೆಸರಾದ ಕಾಯಿಲೆ ಇದೇ. ಮುಂದೆ ಪಂಜರ ಗೆದ್ದದ್ದಕ್ಕೆ ಈ ಹಗಲಿನ ಅಪಾಯಗಳೂ ಕಾರಣ.

ಸೂರ್ಯ ಬಾಟಲಿಗೆ ಇಳಿದಾಗ

ಹಗಲನ್ನು ತೆಗೆದುಹಾಕುವುದು 20ನೇ ಶತಮಾನದವರೆಗೆ ಯಾರಿಂದಲೂ ಆಗಿರಲಿಲ್ಲ. ಅಮೆರಿಕದಂಥ ದೇಶದಲ್ಲೂ ಕೋಳಿ ಹಿತ್ತಿಲಿನ ಪ್ರಾಣಿಯೇ ಆಗಿತ್ತು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾ ಊರಿನ ಫಿಲೋ ಎಂಬಾತ ಆ ಶತಮಾನದ ಆರಂಭದಲ್ಲಿ ಒಂದು ಪುಸ್ತಕ ಮಾರುತ್ತಿದ್ದ. 40 ಅಡಿಗೆ 40 ಅಡಿಯ ಪಟ್ಟಣದ ಸೈಟಿನಲ್ಲಿ 60 ಹೇಂಟೆ ಸಾಕಿ ಹತ್ತು ತಿಂಗಳಲ್ಲಿ 1,500 ಡಾಲರ್ ಗಳಿಸಬಹುದು ಎಂಬುದು ಅವನ ಜಾಹೀರಾತು. ಹಣದ ಮಾತು ಹಾಗಿರಲಿ, ಜಾಗ ನೋಡಿ: ಕೋಳಿಯೊಂದಕ್ಕೆ 26 ಚದರಡಿಗೂ ಹೆಚ್ಚು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಪೋಸ್ಟರ್ ಹಚ್ಚಿ, ಮನೆಯಲ್ಲಿರುವ ಪ್ರತಿ ಒಬ್ಬರಿಗೆ ಎರಡು ಹೇಂಟೆಯಂತೆ ಹಿತ್ತಿಲಲ್ಲಿ ಸಾಕಿ ಎಂದು ಜನರನ್ನು ಕೇಳಿಕೊಂಡಿತ್ತು.

ಕೋಳಿಯನ್ನು ಒಳಗೇ ಇಟ್ಟು ಬೆಳೆಸಲು ನೋಡಿದವರಿದ್ದರು. ಆದರೆ ಮರಿಗಳ ಕಾಲು ಸೊಟ್ಟಗಾಗುತ್ತಿತ್ತು, ನಿಲ್ಲಲಾರದೆ ಸಾಯುತ್ತಿದ್ದವು. ಚಳಿದೇಶದಲ್ಲಿ ಅದಕ್ಕೇ ವಸಂತ ಬಂದ ಮೇಲೆ ಮರಿ ಮಾಡಿಸುವ ರೂಢಿ. 1922ರಲ್ಲಿ ಎಲ್ಮರ್ ಮೆಕಾಲಮ್ ಎಂಬ ವಿಜ್ಞಾನಿ ಕಾಡ್ ಮೀನಿನ ಎಣ್ಣೆಯಲ್ಲಿ ಮೂಳೆ ಬಲಪಡಿಸುವ ಒಂದು ಅಂಶವನ್ನು ಗುರುತಿಸಿ ವಿಟಮಿನ್ ಡಿ ಎಂದು ಕರೆದ. ಅದೇ ಹೊತ್ತಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್ ಮತ್ತು ಸಂಗಡಿಗರು ಅತಿನೇರಳೆ ಬೆಳಕು ಹಾಯಿಸಿದರೆ ಕೋಳಿಮರಿಯ ಕಾಲಿನ ಬಲಹೀನತೆ ಹೋಗುತ್ತದೆ ಎಂದು ತೋರಿಸಿದರು. ಅಂಗಳದಲ್ಲಿ ಕೋಳಿಗೆ ಸಿಗುತ್ತಿದ್ದ ಮುಖ್ಯ ವಸ್ತು ಬಿಸಿಲು ಎಂದು ಗೊತ್ತಾಯಿತು. ಅದನ್ನು ಬಾಟಲಿಯಿಂದ ಕಾಳಿಗೆ ಬೆರೆಸಬಹುದು ಎಂದೂ ಗೊತ್ತಾಯಿತು. ಇನ್ನು ಅಂಗಳ ಏಕೆ?

1923ರಲ್ಲಿ ಡೆಲವೇರ್ ರಾಜ್ಯದ ಸಿಸೀಲ್ ಸ್ಟೀಲ್ ಎಂಬ ಗೃಹಿಣಿ ಮನೆಯ ಮೊಟ್ಟೆಗಾಗಿ 50 ಮರಿಗಳಿಗೆ ಆರ್ಡರ್ ಮಾಡಿದರು. ಸೊನ್ನೆ ಹೆಚ್ಚಾಗಿ 500 ಬಂದವು. ವಾಪಸು ಕಳಿಸದೆ ಅವರು 16 ಅಡಿಗೆ 16 ಅಡಿಯ ಒಂದು ಶೆಡ್ ಕಟ್ಟಿಸಿ ಬೆಳೆಸಿದರು. 18 ವಾರದ ಮೇಲೆ ಬದುಕುಳಿದಿದ್ದ 387 ಕೋಳಿಗಳನ್ನು ಪೌಂಡಿಗೆ 62 ಸೆಂಟಿನಂತೆ ಮಾಂಸಕ್ಕೆ ಮಾರಿದರು. ಮಾರನೇ ವರ್ಷ 1,000 ಮರಿ, 1926ರ ಹೊತ್ತಿಗೆ 10,000. ಇಂದಿನ ಬ್ರಾಯ್ಲರ್ ಉದ್ಯಮ ಹುಟ್ಟಿದ್ದು ಅಲ್ಲಿ. ಆ ಶೆಡ್ಡನ್ನು ಅಮೆರಿಕದವರು ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿ ಕಾಪಾಡಿದ್ದಾರೆ.

16ನ್ನು 16ರಿಂದ ಗುಣಿಸಿದರೆ 256. ಅದನ್ನು 500 ಮರಿಗೆ ಹಂಚಿ. ಮತ್ತೆ ಅರ್ಧ ಚದರಡಿ! ವಾರೋನಿಂದ ಅವ್ವನವರೆಗೆ ಅದು ರಾತ್ರಿಯ ಅಳತೆಯಾಗಿತ್ತು. ಸ್ಟೀಲರ ಶೆಡ್ಡಿನಿಂದ ಮುಂದೆ ಅದೇ ಇಡೀ ಅಳತೆಯಾಯಿತು.

1930ರ ದಶಕದಲ್ಲಿ ತಂತಿ ಪಂಜರಗಳು ಬಂದವು. ಹಿಕ್ಕೆ ತಂತಿಯ ಸಂದಿಯಿಂದ ಕೆಳಗೆ ಬೀಳುತ್ತದೆ, ಮೊಟ್ಟೆ ಇಳಿಜಾರಿನಲ್ಲಿ ಉರುಳಿ ಮುಂದೆ ಬರುತ್ತದೆ, ಹೊಟ್ಟೆಹುಳು ಹರಡುವುದಿಲ್ಲ, ಮೊಟ್ಟೆ ಇಡದ ಕೋಳಿ ಯಾವುದೆಂದು ಕೂಡಲೇ ಕಾಣುತ್ತದೆ. ಎಂಜಿನಿಯರ್ ಕಣ್ಣಿಗೆ ಅದು ಅಚ್ಚುಕಟ್ಟಾದ ಡಿಸೈನ್. ಆಮೇಲೆ ಲಸಿಕೆ, ಆಂಟಿಬಯೋಟಿಕ್‌ಗಳು ಬಂದು ಒಂದೇ ಸೂರಿನಡಿ ಸಾವಿರಾರು ಕೋಳಿ ಇಡುವುದು ಸಾಧ್ಯವಾಯಿತು. ನಮ್ಮ ದೇಶದಲ್ಲಿ 1971ರಲ್ಲಿ ಹೈದರಾಬಾದಿನಲ್ಲಿ ಬಿ.ವಿ. ರಾವ್ ಶುರುಮಾಡಿ ಮುಂದೆ ಪುಣೆಯಲ್ಲಿ ನೆಲೆಯಾದ ವೆಂಕಟೇಶ್ವರ ಹ್ಯಾಚರೀಸ್, 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಇವುಗಳಿಂದ ಈ ಉದ್ಯಮ ಬೆಳೆಯಿತು. ಭಾನುವಾರವಾಗಲಿ ಸೋಮವಾರವಾಗಲಿ ದಿನಾ ಮೊಟ್ಟೆ ತಿನ್ನಿ ಎಂಬ ಆ ದೂರದರ್ಶನದ ಹಿಂದಿ ಜಾಹೀರಾತು ನಮ್ಮ ವಯಸ್ಸಿನವರಿಗೆ ಇಂದಿಗೂ ಬಾಯಿಪಾಠ.

ಇದನ್ನು ಬರೀ ಕ್ರೌರ್ಯದ ಕಥೆಯಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮವ್ವನ ಹದಿಮೂರು ಕೋಳಿಗಳಿದ್ದಾಗ ಮನೆಯ ಮಕ್ಕಳಿಗೆ ಮೊಟ್ಟೆ ಸಿಗುತ್ತಿದ್ದದ್ದು ಜ್ವರ ಬಂದಾಗ, ನೆಂಟರು ಬಂದಾಗ. ಹಾಸ್ಟೆಲಿನಲ್ಲಿ ಎರಡು ವರ್ಷ ನಾನು ಎಂ.ಟೆಕ್. ಓದಿದ್ದು ಪಂಜರದ ಕೋಳಿಯ ಮೊಟ್ಟೆ ತಿಂದು. ಇಂದು ಕರ್ನಾಟಕದ ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಸಾಧ್ಯವಾಗಿರುವುದು ಮೊಟ್ಟೆ ಅಗ್ಗವಾದದ್ದರಿಂದ. ಆ ಅಗ್ಗದಲ್ಲಿ ಕೋಳಿಯ ಹಗಲಿನ ಬೆಲೆಯೂ ಸೇರಿದೆ ಎನ್ನುವುದನ್ನು ಮಾತ್ರ ಮರೆಯಬಾರದು.

ಕೋಳಿಯನ್ನೇ ಅಳೆದವರು

1964ರಲ್ಲಿ ಇಂಗ್ಲೆಂಡಿನ ರೂತ್ ಹ್ಯಾರಿಸನ್ ‘ಅನಿಮಲ್ ಮಶೀನ್ಸ್’ ಎಂಬ ಪುಸ್ತಕದಲ್ಲಿ ಫಾರಂಗಳ ಒಳಗಿನ ಸ್ಥಿತಿಯನ್ನು ಬರೆದಾಗ ಅಲ್ಲಿ ಗಲಾಟೆಯೇ ಆಯಿತು. ಸರ್ಕಾರ ಪ್ರೊಫೆಸರ್ ಬ್ರಾಂಬೆಲ್ ಅವರ ಸಮಿತಿ ರಚಿಸಿತು. 1965ರಲ್ಲಿ ಸಮಿತಿ ಹೇಳಿದ ಕನಿಷ್ಠ ಮಾತು ಇಷ್ಟು: ಸಾಕುಪ್ರಾಣಿಗೆ ಎದ್ದು ನಿಲ್ಲಲು, ಮಲಗಲು, ತಿರುಗಲು, ಮೈ ತೀಡಿಕೊಳ್ಳಲು, ಕೈಕಾಲು ಚಾಚಲು ಆಗಬೇಕು.

ಹಾಗಾದರೆ ಕೋಳಿಗೆ ಇವಕ್ಕೆಲ್ಲ ಎಷ್ಟು ಜಾಗ ಬೇಕು? 1989ರಲ್ಲಿ ಆಕ್ಸ್‌ಫರ್ಡಿನ ಮರಿಯನ್ ಡಾಕಿನ್ಸ್ ಮತ್ತು ಸಹೋದ್ಯೋಗಿ ಹಾರ್ಡಿ ಮೊಟ್ಟೆ ಕೋಳಿಗಳನ್ನು ಮೇಲಿನಿಂದ ಚಿತ್ರೀಕರಿಸಿ ಅಳೆದರು. ಸರಾಸರಿ ಹೀಗೆ ಬಂತು: ಸುಮ್ಮನೆ ನಿಲ್ಲಲು 475 ಚದರ ಸೆಂಟಿಮೀಟರ್, ನೆಲ ಕೆದಕಲು 856, ಒಂದು ಸುತ್ತು ತಿರುಗಲು 1,272, ರೆಕ್ಕೆ ಬಡಿಯಲು 1,876. ಅರ್ಧ ಚದರಡಿ ಎಂದರೆ ಸುಮಾರು 465 ಚದರ ಸೆಂಟಿಮೀಟರ್. ಎ4 ಹಾಳೆ 624. ಅಂದರೆ ಅರ್ಧ ಚದರಡಿಯಲ್ಲಿ ಕೋಳಿ ನೆಟ್ಟಗೆ ನಿಲ್ಲುವುದಕ್ಕೂ ಚೂರು ಕಡಿಮೆ ಬೀಳುತ್ತದೆ, ತಿರುಗುವುದು ಪಕ್ಕದ ಕೋಳಿಯನ್ನು ಒತ್ತಿಕೊಂಡು, ರೆಕ್ಕೆ ಬಡಿಯುವ ಮಾತೇ ಇಲ್ಲ.

ಸ್ವಿಟ್ಜರ್ಲೆಂಡ್ 1978ರ ಕಾನೂನಿನಿಂದ ಶುರುಮಾಡಿ 1991ರ ಕೊನೆಗೆ ಇಂಥ ಪಂಜರಗಳನ್ನು ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ 1999ರಲ್ಲಿ ನಿಯಮ ಮಾಡಿ, 2012ರ ಜನವರಿ 1ರಿಂದ ಹಳೆಯ ಪಂಜರಗಳನ್ನು ನಿಷೇಧಿಸಿತು. ಅಡ್ಡ, ಮೊಟ್ಟೆಗೂಡು ಇರುವ ದೊಡ್ಡ ಪಂಜರವಾದರೆ ಕೋಳಿಗೆ 750 ಚದರ ಸೆಂಟಿಮೀಟರ್, ಪಂಜರವಿಲ್ಲದ ಕೊಟ್ಟಿಗೆಯಾದರೆ ಚದರ ಮೀಟರಿಗೆ 9 ಕೋಳಿ, ಹೊರಗೆ ಬಿಡುವ ಕೋಳಿ ಎಂದು ಮಾರಬೇಕಾದರೆ ಒಂದೊಂದಕ್ಕೆ ಹೊರಗೆ 4 ಚದರ ಮೀಟರ್ ನೆಲ, ಅಂದರೆ 43 ಚದರಡಿ.

ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ, ಅಲುಗಾಡಲು ತಕ್ಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು ಅಪರಾಧ ಎನ್ನುತ್ತದೆ. 2017ರಲ್ಲಿ ಭಾರತದ ಕಾನೂನು ಆಯೋಗ ತನ್ನ 269ನೇ ವರದಿಯನ್ನು ಪೂರ್ತಿಯಾಗಿ ಕೋಳಿಗಳ ವಸತಿ, ಸಾಗಣೆಗೇ ಮೀಸಲಿಟ್ಟಿತು.

ಬೆಳ್ಳಿ ಸತ್ತದ್ದು ಏಕೆ?

ಇಲ್ಲಿ ನನಗೆ ಗಂಟಲಲ್ಲಿ ಮುಳ್ಳು ಸಿಕ್ಕಿದಂತಾಯಿತು. ಡಾಕಿನ್ಸ್ ಅವರ ಲೆಕ್ಕದಲ್ಲಿ ರೆಕ್ಕೆ ಬಡಿಯಲು ಬೇಕಾದದ್ದು 2 ಚದರಡಿ. ನಾನು ಕೊಟ್ಟದ್ದು 3. ಮತ್ತೆ ಬೆಳ್ಳಿ ಸತ್ತದ್ದು ಏಕೆ?

ಉತ್ತರದ ಒಂದು ತುಂಡು ನಾರ್ವೆಯಲ್ಲಿದೆ. ಥಾರ್ಲೈಫ್ ಶೆಲ್ಡರುಪ್ ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದ ಮನೆಯ ಕೋಳಿಗಳನ್ನು ನೋಡಿ ಟಿಪ್ಪಣಿ ಮಾಡುತ್ತಿದ್ದ. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದು ತಿರುಗಿ ಕುಕ್ಕುವುದಿಲ್ಲ ಎಂಬುದಕ್ಕೆ ಒಂದು ಕ್ರಮವಿದೆ ಎಂದು 1921ರ ತನ್ನ ಪ್ರಬಂಧದಲ್ಲಿ ತೋರಿಸಿದ. ಪ್ರತಿ ಗುಂಪಿನಲ್ಲೂ ಯಜಮಾನಿ ಇರುತ್ತದೆ, ಎಲ್ಲರಿಂದ ಕುಕ್ಕಿಸಿಕೊಳ್ಳುವ ಕೊನೆಯದೂ ಇರುತ್ತದೆ. ಹಿತ್ತಿಲಿನಲ್ಲಿ ಕೊನೆಯದು ಒಂದು ಪೆಟ್ಟು ತಿಂದು ನಾಲ್ಕು ಮಾರು ಓಡಿ ಗಿಡದ ಮರೆ ಸೇರಿದರೆ ಜಗಳ ಮುಗಿಯಿತು. ನನ್ನ ಗೂಡಿನಲ್ಲಿ ಅತಿ ದೂರದ ಮೂಲೆ ಐದಡಿ ಆಚೆಗಿತ್ತು, ಮರೆ ಎಂಬುದು ಇರಲೇ ಇಲ್ಲ.

ಆದರೆ ಬೆಳ್ಳಿಯ ಗಾಯ ಇದ್ದದ್ದು ತಲೆಯ ಮೇಲಲ್ಲ, ಬಾಲದ ಬುಡದಲ್ಲಿ. ಅಧಿಕಾರಕ್ಕಾಗಿ ಕುಕ್ಕುವ ಕೋಳಿ ತಲೆಗೆ ಕುಕ್ಕುತ್ತದೆ. ಪುಕ್ಕ ಕೀಳುವುದು ಬೇರೆ ಕಾಯಿಲೆ. 1980ರ ದಶಕದಲ್ಲಿ ನೆದರ್ಲೆಂಡ್ಸಿನ ಬ್ಲೋಖೌಸ್ ಎಂಬ ವಿಜ್ಞಾನಿ ಅದನ್ನು ವಿವರಿಸಿದ ಬಗೆ ನನಗೆ ನಾಟಿತು: ಕೆದಕಿ ಕುಕ್ಕಲು ನೆಲ ಸಿಗದ ಕೋಳಿ ಪಕ್ಕದ ಕೋಳಿಯ ಮೈಯನ್ನೇ ನೆಲ ಮಾಡಿಕೊಳ್ಳುತ್ತದೆ. ರಕ್ತ ಕಂಡರೆ ಬಿಡುವುದಿಲ್ಲ. ಕೆಂಪು ಕಾಡುಕೋಳಿಗಳನ್ನು ಮೃಗಾಲಯದಲ್ಲಿ ಗಮನಿಸಿದ ಡಾಕಿನ್ಸ್, ಹೊಟ್ಟೆ ತುಂಬ ಕಾಳು ಹಾಕಿದ್ದರೂ ಅವು ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ನೆಲ ಕುಕ್ಕುತ್ತಲೇ ಇರುತ್ತವೆ ಎಂದು ದಾಖಲಿಸಿದ್ದಾರೆ. ಕೆದಕುವುದು ಹೊಟ್ಟೆಪಾಡು ಮಾತ್ರವಲ್ಲ, ಅದೇ ಅವುಗಳ ಹಗಲು. ನಾನು ನನ್ನ ಕೋಳಿಗಳಿಗೆ ಕಾಳನ್ನು ತಟ್ಟೆಯಲ್ಲಿ ಕೊಟ್ಟಿದ್ದೆ, ಹಲಗೆಯ ನೆಲ ಕೊಟ್ಟಿದ್ದೆ, ಮಾಡಲು ಏನೂ ಕೊಟ್ಟಿರಲಿಲ್ಲ. ದೊಡ್ಡ ಫಾರಂಗಳಲ್ಲಿ ಈ ಸಮಸ್ಯೆಗೆ ಕಂಡುಕೊಂಡ ಪರಿಹಾರ ಮರಿಯಲ್ಲೇ ಕೊಕ್ಕಿನ ತುದಿ ಕತ್ತರಿಸುವುದು.

ಲೆಕ್ಕ ಇಷ್ಟು

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಸುಮಾರು 85 ಕೋಟಿ ಕೋಳಿಗಳಲ್ಲಿ 31.7 ಕೋಟಿ ಹಿತ್ತಿಲಿನವು. 2012ರ ಗಣತಿಗಿಂತ ಇದು 46% ಹೆಚ್ಚು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ಸಂಶೋಧನಾ ಕೇಂದ್ರದ ವನರಾಜ ಇಂಥ ತಳಿಗಳು ಹಿತ್ತಿಲಿಗೆಂದೇ ಮಾಡಿದವು. ಹಿತ್ತಿಲ ಕೋಳಿ ಹಳೆಯ ಕಾಲದ್ದಾಗಿ ಮುಗಿದಿಲ್ಲ.

ನಮ್ಮಂತೆ ಊರು ಬಿಟ್ಟು ಬಂದು, ಸಿಕ್ಕ ಚೂರು ನೆಲದಲ್ಲಿ ಮೂರೋ ನಾಲ್ಕೋ ಕೋಳಿ ಸಾಕುವ ಆಸೆಯಿರುವವರಿಗೆ ನಾನು ಕಲಿತದ್ದನ್ನು ಹೇಳಿಬಿಡುತ್ತೇನೆ. ರಾತ್ರಿಯ ಗೂಡಿಗೆ ಕೋಳಿಯೊಂದಕ್ಕೆ 3ರಿಂದ 4 ಚದರಡಿ ಇದ್ದರೆ ಧಾರಾಳ, ಮಳೆಗಾಲದಲ್ಲಿ ದಿನವಿಡೀ ಒಳಗಿದ್ದರೂ ತಡೆಯುತ್ತವೆ. ಅಡ್ಡದ ಮೇಲೆ ಒಂದೊಂದಕ್ಕೆ 8 ಅಂಗುಲ. ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆಗೂಡು. ಹಗಲಿಗೆ ಬಲೆ ಕಟ್ಟಿದ ಅಂಗಳ ಕೋಳಿಗೆ 10 ಚದರಡಿಗಿಂತ ಕಡಿಮೆ ಬೇಡ, ಅದು ಮಣ್ಣಿನ ನೆಲವಾಗಿರಬೇಕು, ಓಡಿ ಅಡಗಲು ಎರಡು ಮೂರು ಮರೆ ಇರಬೇಕು. ಬಾಲ್ಕನಿಯಲ್ಲಿ ಸಾಕಬಹುದೇ ಎಂದು ಗೆಳೆಯರು ಕೇಳುತ್ತಾರೆ. ಚದರಡಿ ಲೆಕ್ಕ ಸರಿಹೋಗಬಹುದು. ಕೆದಕಲು ಟೈಲ್ಸ್ ಬಿಟ್ಟರೆ ಇನ್ನೇನಿದೆ? ಬೇಡ ಎನ್ನುತ್ತೇನೆ.

ನಾವು ಹಿಂದಿನ ಜಾಗವನ್ನು ಪೂರ್ತಿ ಬಲೆಯಿಂದ ಮುಚ್ಚಿಸಿದೆವು. ಗೂಡು ಬಿಟ್ಟು 108 ಚದರಡಿ, ಕೋಳಿಗೆ 36. ಕಬ್ಬಿನ ಹಾಲಿನ ಗಾಡಿಯವನಿಂದ ಒಣಗಿದ ಸಿಪ್ಪೆ, ರಸ್ತೆಬದಿಯ ತರಗೆಲೆ ತಂದು ಹರಡುತ್ತೇವೆ, ಕಾಳನ್ನು ಅದರೊಳಗೇ ಚೆಲ್ಲುತ್ತೇವೆ. ಸ್ಕೂಟರ್ ರಸ್ತೆಯಲ್ಲಿ ನಿಲ್ಲುತ್ತದೆ. ಬೆಳ್ಳಿಯನ್ನು ಕುಕ್ಕಿದ್ದ ಅದೇ ಮೂರು ಕೋಳಿಗಳು ಈಗ ಒಂದರ ಪುಕ್ಕ ಒಂದು ಮುಟ್ಟುವುದಿಲ್ಲ. ಮೊದಮೊದಲು ಮಗಳಿಗೆ ಅವುಗಳ ಮೇಲೆ ಸಿಟ್ಟಿತ್ತು. ಈಗ ಇಲ್ಲ. ನನ್ನ ಮೇಲಿನದ್ದು ಪೂರ್ತಿ ಹೋಗಿದೆಯೇ ಎಂದು ನಾನು ಕೇಳಿಲ್ಲ.

ಸಂಜೆ ಏಳರ ಹೊತ್ತಿಗೆ ಊರಿನಿಂದ ಅವ್ವನ ಫೋನ್ ಬರುತ್ತದೆ. “ಕೋಳಿ ಕೂಡಿದ್ರಾ?” ಎಂದು ಮೊದಲು ಕೇಳಿಯೇ ನಮ್ಮ ಯೋಗಕ್ಷೇಮ. ಮಗಳು ಗೂಡಿನ ಕಡೆ ಟಾರ್ಚ್ ಹಿಡಿದು ಎಣಿಸುತ್ತಾಳೆ. ಮೂರೂ ಅಡ್ಡದ ಮೇಲೆ ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಮೂರಕ್ಕೂ ಸೇರಿ ಒಂದೂವರೆ ಅಡಿ ಕೋಲೂ ಬೇಕಾಗಿಲ್ಲ. “ಅವೇ ಒಳಗೆ ಹೋದವು ಅಜ್ಜಿ” ಎಂದು ಹೇಳಿ ಅವಳು ಬಾಗಿಲ ಚಿಲಕ ಹಾಕುತ್ತಾಳೆ.